ಹೆಡ್‌ಫೋನ್ ಹಾಕಿಕೊಳ್ಳುವ ಹಾಗಿರಲಿಲ್ಲ

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ ಮಾತು. ಮೊದಲು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯಿರಿ. ಕ್ಯಾಮೆರಾ, ಲೈಟು, ಎಡಿಟಿಂಗ್ ಎಲ್ಲ ಆಮೇಲೆ.

ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಮೂಡಿಗೆರೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವಿಎಚ್‌ಎಸ್ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡಾಗ ಅದರ ಜೊತೆ ಬಂದ ಪುಸ್ತಕ ಜಪಾನಿ ಭಾಷೆಯಲ್ಲಿತ್ತು. ಅದರ ಚಿತ್ರಗಳನ್ನು ನೋಡಿಕೊಂಡೇ ಕೆಲಸ ಕಲಿತೆ. ಕ್ಯಾಮೆರಾದ ಹಿಂದೆ ನಿಂತವನ ಮಾತೂ ಕ್ಯಾಸೆಟ್ಟಿನೊಳಗೆ ಹೋಗುತ್ತದೆ ಎಂದು ಯಾವ ಚಿತ್ರವೂ ಹೇಳಲಿಲ್ಲ. ಹಾಗಾಗಿ ನನ್ನ ಮೊದಮೊದಲ ಮದುವೆ ಕ್ಯಾಸೆಟ್ಟುಗಳಲ್ಲಿ ಧಾರೆಯ ಮಂತ್ರಕ್ಕಿಂತ ಜೋರಾಗಿ ಕೇಳುವುದು ನಾನೇ. 'ಅಜ್ಜೀ, ಸ್ವಲ್ಪ ತಲೆ ಆ ಕಡೆ.' 'ಹುಡುಗಿ ಅಳೋದು ಬರ್ಲಿಲ್ಲ, ಇನ್ನೊಂದ್ಸಲ.' 'ಏ, ವಯರ್ ತುಳೀಬೇಡ್ರೋ!' ಆಲ್ದೂರಿನ ಒಬ್ಬ ಮದುಮಗಳ ತಂದೆ ಕ್ಯಾಸೆಟ್ ವಾಪಸ್ ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

"ಏನ್ ನಾಗೇಶ, ಮದುವೆ ಆಗಿದ್ದು ನನ್ನ ಮಗಳಿಗೋ ನಿಂಗೋ? ಮುಖ ಅವಳ್ದು, ದನಿ ಪೂರ್ತಿ ನಿಂದೇ ಅಲ್ಲ ಮಾರಾಯ!"

ಚಿಕ್ಕಮಗಳೂರಿನ ಮಿಕ್ಸಿಂಗ್ ಅಂಗಡಿಗೆ ಓಡಿ, ನನ್ನ ಮಾತು ಬಂದಲ್ಲೆಲ್ಲ ನಾದಸ್ವರ ತುಂಬಿಸಿದೆ. ಮದುಮಗಳು ಊಟಕ್ಕೆ ಕೂತಾಗಲೂ ನಾದಸ್ವರ, ಕಾರು ಹತ್ತುವಾಗಲೂ ನಾದಸ್ವರ. ಅವತ್ತಿನಿಂದ ಬಾಯಿಗೆ ಬೀಗ ಹಾಕಿದೆ.

ಬಾಯಿಗೆ ಬೀಗ ಬಿದ್ದ ಮೇಲೆ ಕಿವಿ ತೆರೆಯಿತು. ಚಿತ್ರಕ್ಕಿಂತ ಶಬ್ದದ ಹುಚ್ಚು ಹಿಡಿಯಿತು. ಮದುವೆ ಸೀಸನ್ನಿನ ದುಡ್ಡಿನಲ್ಲಿ ಒಂದು ಒಳ್ಳೆಯ ಮೈಕು, ಒಂದು ಟೇಪ್ ರೆಕಾರ್ಡರು, ಒಂದು ದಪ್ಪ ಹೆಡ್‌ಫೋನು ಕೊಂಡೆ. ಪಲ್ಪರ್ ಮೆಷಿನ್ನಿನಲ್ಲಿ ಕಾಫಿಹಣ್ಣಿನ ಸಿಪ್ಪೆ ಬಿಡುವ ಸದ್ದು, ಜೀಪು ಬಾಳೂರಿನ ಏರಿನಲ್ಲಿ ಗೇರ್ ಬದಲಿಸುವ ಸದ್ದು, ಎಲ್ಲ ಹಿಡಿದೆ. ನನ್ನ ಹೆಂಡತಿ ಶಾರದಾಗೆ ಹೆಡ್‌ಫೋನ್ ಹಾಕಿ ಕೇಳಿಸಿದರೆ ಆಕಳಿಸುತ್ತಿದ್ದಳು. "ಜೀಪಿನ ಸದ್ದು ಕೇಳಕ್ಕೆ ಇಷ್ಟು ಖರ್ಚು ಮಾಡ್ಬೇಕಿತ್ತಾ? ಬಾಗ್ಲು ತೆಗೆದ್ರೆ ಸಾಲ್ದಾ?"

ನನಗೆ ನಿಜವಾಗಿ ಬೇಕಾಗಿದ್ದದ್ದು ಒಂದು ಹಾಡು. ಬಾಳೂರಿನ ಹತ್ತಿರ ಮಂಜಪ್ಪಗೌಡರ ಎಸ್ಟೇಟಿನಲ್ಲಿ ಸುಶೀಲಕ್ಕ ಅಂತ ಹಣ್ಣು ಕುಯ್ಯುವ ಹೆಂಗಸು. ಕುಯ್ಯುತ್ತಾ ಆಕೆ ಹಾಡಿದರೆ ಆ ಸಾಲಿನ ಹೆಂಗಸರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲವಂತೆ. 'ಅಂತೆ' ಎಂದೇ ಹೇಳಬೇಕು, ಯಾಕೆಂದರೆ ಗಂಡಸಿನ ಹೆಜ್ಜೆ ಕೇಳಿದ ಕೂಡಲೇ ಆಕೆ ಹಾಡು ನಿಲ್ಲಿಸುತ್ತಿದ್ದಳು. ಎಷ್ಟೋ ವರ್ಷದ ಹಿಂದೆ ಎಸ್ಟೇಟಿನ ಲೆಕ್ಕ ಬರೆಯುವ ಯಾರೋ ರೈಟರ್, ಸಂತೆಯಲ್ಲಿ ಎಲ್ಲರೆದುರು ಆಕೆಯ ಹಾಡನ್ನು ಅಣಕಿಸಿ ನಗಿಸಿದ್ದನಂತೆ. ಆಮೇಲೆ ಗಂಡಸರ ಕಿವಿಗೆ ಆ ಹಾಡು ಇಲ್ಲ.

ನಾನು ಮೈಕ್ ಹಿಡಿದುಕೊಂಡು ಹೋದೆ.

"ಬಾಯಿ ನೋವು ಅಣ್ಣಾ," ಅಂದಳು ಸುಶೀಲಕ್ಕ.

ಮುಂದಿನ ಸುಗ್ಗಿಗೆ ಮತ್ತೆ ಹೋದೆ.

"ಇನ್ನೂ ವಾಸಿ ಆಗಿಲ್ಲ."

ಹೀಗಿರುವಾಗ ಗೌಡರ ಎಸ್ಟೇಟಿಗೆ ಸಿನಿಮಾ ಶಾಲೆ ಬಂತು. ಅದು ಬಂದ ದಾರಿಯನ್ನು ಹೇಳಬೇಕು. ಹೋಮ್‌ಸ್ಟೇ ಎನ್ನುವ ಮಾತು ನಮ್ಮ ಕಡೆ ಇನ್ನೂ ಹೊಸತಾಗಿದ್ದಾಗ ರಿವ್ಕಾ ಎಂಬ ಇಸ್ರೇಲಿನ ಹುಡುಗಿ ಬೆನ್ನಿಗೊಂದು ಚೀಲ ಹಾಕಿಕೊಂಡು ಗೌಡರ ಮನೆಗೆ ಬಂದಿದ್ದಳು. ಮೂಗಿನಲ್ಲಿ ರಿಂಗು, ಕಾಲಲ್ಲಿ ಚಪ್ಪಲಿ ಇಲ್ಲ. ಕೆಲವು ವರ್ಷಗಳ ಮೇಲೆ ಅವಳೇ ಗೌಡರಿಗೆ ಫೋನ್ ಮಾಡಿದಳು. ಈಗ ಜೆರುಸಲೇಮಿನಲ್ಲಿ ಒಂದು ಸಿನಿಮಾ ಶಾಲೆಯ ಮೇಡಂ ಅಂತೆ, ಒಂದಿಷ್ಟು ವಿದ್ಯಾರ್ಥಿನಿಯರನ್ನು ಕರೆತಂದು ಪರೀಕ್ಷೆಯ ಸಿನಿಮಾ ಇಲ್ಲೇ ಮಾಡಿಸುತ್ತಾಳಂತೆ. ಗೌಡರು ಒಪ್ಪಿದರು. ಶಬ್ದಕ್ಕೂ ಸಾಮಾನು ಸಾಗಿಸಲಿಕ್ಕೂ ಸ್ಥಳೀಯ ಆಳು ಬೇಕು ಎಂದಾಗ, ಮುರುಕು ಇಂಗ್ಲಿಷ್ ಬರುತ್ತಿದ್ದ ನನ್ನನ್ನು ಕರೆದರು.

ಜೀಪಿನಿಂದ ಇಳಿದವರು ತಲೆಗೆ ಬಟ್ಟೆ ಬಿಗಿದ, ಕಾಲು ಮುಚ್ಚುವ ಲಂಗ ತೊಟ್ಟ ಗಂಭೀರ ಹೆಂಗಸು. ಗೌಡರು ನನ್ನ ಕಿವಿಯಲ್ಲಿ, "ಏ, ಅದೇ ಹುಡುಗೀನೇನೋ ಇವ್ಳು? ಮೂಗಿನ ರಿಂಗ್ ಎಲ್ಲಿ ಹೋಯ್ತು?" ಎಂದರು. ರಿವ್ಕಾ ಮೇಡಂ ದೇವರ ದಾರಿಗೆ ತಿರುಗಿದ್ದರು. ಅವರ ಶಾಲೆ ಮಡಿವಂತ ಯಹೂದಿಗಳ ಶಾಲೆ. ಅಲ್ಲಿ ಸಿನಿಮಾವನ್ನೂ ಶಾಸ್ತ್ರ ಬಿಡದೆ ಕಲಿಸುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ತರಗತಿ, ಬೇರೆ ನಿಯಮ. ಮಡಿ ನಮಗೇನು ಹೊಸದೇ? ನನ್ನ ಅಜ್ಜಿ ಒದ್ದೆ ಸೀರೆಯಲ್ಲಿ ಅಡುಗೆ ಮಾಡಿದವಳು. ಆದರೆ ಅಜ್ಜಿಗೆ ಶೂಟಿಂಗ್ ಇರಲಿಲ್ಲ.

ಮೊದಲ ದಿನ ಅಡುಗೆಮನೆಯಲ್ಲೇ ಕಳೆಯಿತು. ಅವರ ಪಾತ್ರೆ ಅವರೇ ತಂದಿದ್ದರು. ಶುದ್ಧವಾಗಲೆಂದು ಗೌಡರ ಒಲೆಯನ್ನು ಕೆಂಪಗೆ ಕಾಯಿಸಿದರು. ಪ್ರತಿ ಮೊಟ್ಟೆಯನ್ನೂ ಗಾಜಿನ ಲೋಟಕ್ಕೆ ಒಡೆದು ರಕ್ತದ ಚುಕ್ಕೆ ಇದೆಯೋ ಎಂದು ನೋಡಿದರು. ಸೊಪ್ಪಿನ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹುಳ ಹುಡುಕಿದರು. ಆ ಶ್ರದ್ಧೆಯಲ್ಲಿ ಕಾಲು ಭಾಗವನ್ನು ಲೆನ್ಸ್ ಒರೆಸಲು ಬಳಸಿದ್ದರೆ ನಾನು ಕೈಮುಗಿಯುತ್ತಿದ್ದೆ.

ಎರಡನೆಯ ರಗಳೆ ಕೈಯದ್ದು. ಹುಡುಗಿಯರು ಗಂಡಸಿನ ಕೈಯಿಂದ ನೇರವಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ನಾನು ಕೆಳಗೆ ಇಡಬೇಕು, ಅವರು ಎತ್ತಿಕೊಳ್ಳಬೇಕು. ಬಂಗಲೆಯಲ್ಲಾದರೆ ಮೇಜಿದೆ. ಕಾಫಿ ತೋಟದ ಇಳಿಜಾರಿನಲ್ಲಿ ಎಲ್ಲಿ ಇಡಲಿ? ಲೆನ್ಸಿಗೆ ಹಾಕುವ ಒಂದು ದುಂಡು ಫಿಲ್ಟರನ್ನು ಮರದ ಬೊಡ್ಡೆಯ ಮೇಲೆ ಇಟ್ಟೆ. ಅದು ಚಕ್ರದ ಹಾಗೆ ಉರುಳಿ, ಗಿಡಗಳ ಬುಡ ದಾಟಿ, ಚರಂಡಿಗೆ ಹಾರಿತು. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಕುತ್ತಿಗೆಗೆ ಒಂದು ಹಣ್ಣಿನ ಬುಟ್ಟಿ ಕಟ್ಟಿಕೊಂಡೆ. ನಾನು ಬುಟ್ಟಿಗೆ ಹಾಕುವುದು, ಅವರು ಬುಟ್ಟಿಯಿಂದ ತೆಗೆಯುವುದು. ಆಳುಗಳು ನಕ್ಕರು. "ನಾಗೇಶಣ್ಣ, ಎಷ್ಟ್ ಕೆಜಿ ಕುಯ್ದ್ರಿ?"

ಮೂರನೆಯದು ಶನಿವಾರ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಕ್ಯಾಮೆರಾ ಪೆಟ್ಟಿಗೆ ಸೇರಬೇಕು, ಶನಿವಾರ ಕತ್ತಲಾಗಿ ನಕ್ಷತ್ರ ಕಾಣುವ ತನಕ ಕೆಲಸವಿಲ್ಲ, ಸ್ವಿಚ್ಚು ಕೂಡ ಒತ್ತುವುದಿಲ್ಲ. ಭಾನುವಾರ ಅವರು ಸಿದ್ಧರಾಗಿ ಬಂದರೆ ತೋಟದ ಆಳುಗಳಿಗೆ ರಜೆ. ವಾರದಲ್ಲಿ ಎರಡು ದಿನ ಹೀಗೆ ಹೋದವು. ಒಂದು ಶುಕ್ರವಾರ ಮುಸ್ಸಂಜೆಗೆ ಕರೆಂಟ್ ಹೋಯಿತು. ಮೇಡಂ ಜಗಲಿಗೆ ಬಂದು ನನ್ನೆದುರು ನಿಂತು, "ಒಳಗೆ ತುಂಬಾ ಕತ್ತಲಾಗಿದೆ," ಎಂದರು. "ಹೌದು ಮೇಡಂ, ಕರೆಂಟ್ ಹೋಗಿದೆ," ಎಂದೆ. ಅವರು ಕಾದರು. ನಾನೂ ಕಾದೆ. ಇಬ್ಬರೂ ಕತ್ತಲನ್ನು ನೋಡುತ್ತ ನಿಂತೆವು. ಆ ಹೊತ್ತಿನಲ್ಲಿ ದೀಪ ಹಚ್ಚು ಎಂದು ಇನ್ನೊಬ್ಬರಿಗೂ ಬಾಯಿಬಿಟ್ಟು ಹೇಳುವ ಹಾಗಿಲ್ಲ ಅವರು, ಹೇಳದಿದ್ದರೆ ತಿಳಿಯುವವನಲ್ಲ ನಾನು. ಕಡೆಗೆ ಗೌಡರು ಎದ್ದು, "ನಂಗೆ ಪೇಪರ್ ಓದ್ಬೇಕಪ್ಪ," ಎಂದು ಲಾಟೀನು ಹಚ್ಚಿ ಒಳಗೆ ನಡುಮನೆಯಲ್ಲಿ ಕೂತರು. ತಮಗಾಗಿ ಹಚ್ಚಿಕೊಂಡ ದೀಪವಾದ್ದರಿಂದ ದೋಷವಿಲ್ಲವಂತೆ. ಹುಡುಗಿಯರು ಆ ಬೆಳಕಿನಲ್ಲಿ ಊಟ ಮಾಡಿದರು. ಗೌಡರು ಅದೇ ಪೇಪರನ್ನು ಮುಗಿಸಿ ಮತ್ತೆ ಮೊದಲಿಂದ ಓದಿದರು.

ಆ ತಂಡದಲ್ಲಿ ಯಾಯೆಲ್ ಎಂಬ ಹುಡುಗಿ ಇದ್ದಳು. ಮಾತು ಕಡಿಮೆ, ಹಠ ಜಾಸ್ತಿ. ಅವಳ ಪರೀಕ್ಷೆಯ ಸಿನಿಮಾ ಹಣ್ಣು ಕುಯ್ಯುವ ಹೆಂಗಸರ ಮೇಲೆ. ಉಳಿದವರದ್ದು ಮುಗಿಯುತ್ತ ಬಂದಿತ್ತು, ಇವಳದ್ದು ಬುಟ್ಟಿ, ಕೈ, ಹಣ್ಣು, ಮತ್ತೆ ಬುಟ್ಟಿ. ಮೇಡಂ ನೋಡಿ, "ಇದರಲ್ಲಿ ಜೀವ ಇಲ್ಲ, ಹೀಗೇ ಆದರೆ ಪಾಸ್ ಮಾಡಲಾರೆ," ಎಂದು ಕಡ್ಡಿ ಮುರಿದಂತೆ ಹೇಳಿದರು. ವಾಪಸ್ ಹೋಗುವ ವಿಮಾನದ ಟಿಕೆಟ್ ಆಗಲೇ ಆಗಿತ್ತು.

ಅವತ್ತೇ ಯಾಯೆಲ್ ತೋಟದಿಂದ ಓಡಿಬಂದಳು. ಸಾಲುಗಳ ನಡುವೆ ಒಬ್ಬಳೇ ಕೂತಿದ್ದಾಗ ಸುಶೀಲಕ್ಕ ಹಾಡಿದಳಂತೆ. ಹುಡುಗಿ ತಾನೇ ಎಂದು ಇವಳನ್ನು ಕಂಡೂ ನಿಲ್ಲಿಸಲಿಲ್ಲವಂತೆ. ನನ್ನ ಸಂಕಟ ಯಾರಿಗೆ ಹೇಳಲಿ? ಎರಡು ಸುಗ್ಗಿ ನಾನು ಮೈಕ್ ಹೊತ್ತು ತಿರುಗಿದ್ದೇನೆ, ಈ ಹುಡುಗಿಗೆ ಕನ್ನಡದ ಒಂದು ಪದವೂ ಬಾರದು!

"ಆಕೆ ಒಪ್ಪಲ್ಲ," ಎಂದೆ. "ನಾನು ಕೇಳಿ ನೋಡಿದೀನಿ."

ಮೇಡಂಗೆ ನನ್ನ ಮಾತು ಸಾಲಲಿಲ್ಲ. ಹೆಂಗಸರ ಹತ್ತಿರ ಮಾತಾಡಲು ಹೆಂಗಸೇ ಬೇಕು ಎಂದರು. ಪಿಯುಸಿ ತನಕ ಓದಿ ಸ್ವಲ್ಪ ಇಂಗ್ಲಿಷ್ ಬಲ್ಲ ಶಾರದಾಳನ್ನು ಮೂಡಿಗೆರೆಯಿಂದ ಬಸ್ಸಿನಲ್ಲಿ ಕರೆತಂದೆ. ಆಳುಗಳ ಲೈನ್ ಮನೆಗಳ ಮುಂದೆ ಸುಶೀಲಕ್ಕ ಸೌದೆ ಸೀಳುತ್ತಿದ್ದಳು. ನಾನು ದೂರದಲ್ಲಿ ಬೇಲಿಯ ಹತ್ತಿರ ನಿಂತೆ.

"ಇವ್ರ ಶಾಲೇಲಿ ಒಂದು ಕಟ್ಟಳೆ ಇದೆ ಅಕ್ಕಾ," ಎಂದಳು ಶಾರದಾ. "ಹೆಂಗಸ್ರು ಹಾಡೋ ಸಿನಿಮಾ ಹೆಂಗಸ್ರಿಗೆ ಮಾತ್ರ ತೋರಿಸ್ತಾರಂತೆ. ಗಂಡಸ್ರು ನೋಡೋ ಹಾಗಿಲ್ಲ, ಕೇಳೋ ಹಾಗೂ ಇಲ್ಲ."

ಸುಶೀಲಕ್ಕನ ಕೊಡಲಿ ಅರ್ಧಕ್ಕೇ ನಿಂತಿತು. "ಅವ್ರ ದೇಶದ ಗಂಡಸ್ರೂ?"

"ಅವ್ರೂ ಇಲ್ಲ."

"ಪಾಸ್ ಮಾಡೋ ಮೇಷ್ಟ್ರು?"

"ಮೇಷ್ಟ್ರಲ್ಲ, ಎಲ್ಲ ಮೇಡಂಗಳೇ."

ಸುಶೀಲಕ್ಕ ಬೇಲಿಯ ಕಡೆ ಕತ್ತು ತಿರುಗಿಸಿದಳು. "ಆ ನಿನ್ ಗಂಡ?"

ಶಾರದಾ ಒಂದು ಗಳಿಗೆಯೂ ಯೋಚಿಸಲಿಲ್ಲ. "ಅವ್ರೂ ಇಲ್ಲ."

"ಹಂಗಾರೆ ಹಾಡ್ತೀನಿ," ಎಂದು ಸುಶೀಲಕ್ಕ ಕೊಡಲಿ ಬೀಸಿದಳು.

ಸೌಂಡ್ ಮಾಡುವವನು ನಾನು. ಮೈಕು ನನ್ನದು. ರೆಕಾರ್ಡರ್ ನನ್ನದು. ಹೆಡ್‌ಫೋನ್ ಹಾಕಿಕೊಳ್ಳುವ ಹಾಗಿಲ್ಲ, ಹತ್ತಿರ ನಿಲ್ಲುವ ಹಾಗಿಲ್ಲ! ಮೇಡಂ ಹತ್ತಿರ ಜಗಳಕ್ಕೇ ಹೋದೆ.

"ಮೇಡಂ, ಕಿವಿ ಇಲ್ಲದೆ ರೆಕಾರ್ಡಿಂಗ್ ಹೇಗೆ ಮಾಡೋದು? ಗಾಳಿ ಸದ್ದು ಬಂದ್ರೆ? ವಯರ್ ಲೂಸಾದ್ರೆ?"

"ನಿಮ್ಮ ಹೆಂಡತಿಗೆ ಕಲಿಸಿ," ಎಂದರು ಮೇಡಂ.

ಶಾರದಾಗೆ! ನನ್ನ ಕ್ಯಾಸೆಟ್ ಹಾಕಿದರೆ ಆಕಳಿಸುವವಳಿಗೆ. ಬಂಗಲೆಯ ಜಗಲಿಯಲ್ಲಿ ಪಾಠ ಶುರುವಾಯಿತು. ಇದು ಮೈಕು, ಇದು ಬಾಯಿಂದ ಇಷ್ಟು ದೂರ, ಕೆಂಪು ಬಟನ್ ಒತ್ತಬೇಕು, ಮೀಟರಿನ ಈ ಮುಳ್ಳು ಅಲ್ಲಾಡುತ್ತಿರಬೇಕು, ಕೆಂಪು ಗೆರೆ ದಾಟಬಾರದು. "ಮಜ್ಜಿಗೆ ಹುಳಿ ನೋಡೋದಕ್ಕಿಂತ ಸುಲಭ ಇದೆ, ಸುಮ್ನೆ ಕಿರುಚ್ಬೇಡಿ," ಎಂದಳು. ಮರುಗಳಿಗೆಯಲ್ಲೇ ಕೆಂಪು ಬಟನ್ನಿನ ಬದಲು ಬ್ಯಾಟರಿಯ ಮುಚ್ಚಳ ತೆಗೆದಳು.

ಭಾನುವಾರ ಬೆಳಿಗ್ಗೆ. ಹೊರಡುವ ಮೊದಲು ಅವರಿಗೆ ಉಳಿದಿದ್ದ ಕೊನೆಯ ಭಾನುವಾರ ಅದು. ಕಾಫಿ ಒಣಗಿಸುವ ಕಣದಲ್ಲಿ ಹೆಂಗಸರೆಲ್ಲ ಸೇರಿದರು. ಯಾಯೆಲ್ ಕ್ಯಾಮೆರಾ ನಿಲ್ಲಿಸಿದಳು. ರಜೆಯಾದ್ದರಿಂದ ಪಲ್ಪರಿನ ಸದ್ದಿರಲಿಲ್ಲ. ಲೈನ್ ಮನೆಗಳಲ್ಲಿದ್ದ ಗಂಡಾಳುಗಳನ್ನೆಲ್ಲ ಬಾಳೂರಿಗೆ ಕಳಿಸಿ, ನಾನು ಪಲ್ಪರ್ ಮನೆಯ ಗೋಡೆಯ ಹಿಂದೆ ನಿಂತೆ. ಜೊತೆಗೆ ಗೌಡರು. ಅವರಿಗೂ ಪ್ರವೇಶವಿಲ್ಲ.

"ಶಾರದಾ, ಕೆಂಪು ಬಟನ್ ಒತ್ತಿದ್ಯಾ?" ಎಂದು ಕೂಗಿದೆ.

"ಒತ್ತಿದೀನಿ!"

"ಮುಳ್ಳು ಅಲ್ಲಾಡ್ತಾ ಇದ್ಯಾ?"

"ನೀವು ಕೂಗಿದಾಗ ಅಲ್ಲಾಡ್ತದೆ!"

"ಮೈಕ್ ಯಾವ ಕಡೆ ಹಿಡಿದಿದ್ದೀಯ?"

"ನಿಮ್ ಕಡೆ!"

"ಅಯ್ಯೋ, ನನ್ ಕಡೆ ಯಾಕೇ? ಸುಶೀಲಕ್ಕನ ಕಡೆ ಹಿಡಿಯೇ! ವಯರ್ ಎಳೀಬೇಡ! ಎಷ್ಟು ವರ್ಷದಿಂದ ಕಾಯ್ತಾ ಇದೀನಿ, ನಿನ್ ಕೈಲಿ ಕೊಟ್ಟು ಹಾಳಾಗೋದೇ ನನ್ ಹಣೇಲಿ ಬರ್ದಿದೆ!"

ಕಣದಿಂದ ಹೆಂಗಸರ ನಗು ಎದ್ದಿತು. "ಅಣ್ಣಾ, ನೀವಲ್ಲಿದ್ರೆ ನಂಗೆ ಬಾಯಿ ನೋವು ಬರ್ತದೆ!" ಎಂದು ಸುಶೀಲಕ್ಕ ಕೂಗಿದಳು. "ಗೇಟಿನ್ ಹತ್ರ ಹೋಗಿ! ಮುಗಿದ್ಮೇಲೆ ಟವೆಲ್ ಬೀಸ್ತೀವಿ!"

ಗೌಡರೂ ನಾನೂ ಗೇಟಿಗೆ ನಡೆದೆವು. ಕಿವಿಗೆ ಹಕ್ಕಿ ಬಿಟ್ಟರೆ ಏನೂ ಇಲ್ಲ. ಬಿಸಿಲು ನೆತ್ತಿಗೆ ಬಂತು. ಟವೆಲ್ ಇಲ್ಲ.

"ನನ್ ತೋಟ, ನನ್ ಕಣ, ನನ್ ಗೇಟಲ್ಲಿ ನಾನೇ ವಾಚ್‌ಮನ್," ಎಂದರು ಗೌಡರು. "ಇಷ್ಟೊತ್ತು ಎಂತ ಹಾಡು ಮಾರಾಯ ಅದು?"

ಕಡೆಗೆ ಹೆದರಿ ಹೆದರಿ ಕೆಮ್ಮುತ್ತ ವಾಪಸ್ ಬಂದರೆ ಎಲ್ಲರೂ ಊಟಕ್ಕೆ ಕೂತಿದ್ದರು. ಟವೆಲ್ ಮರೆತೇ ಹೋಗಿತ್ತು. ಯಾಯೆಲ್‌ಳ ಕಣ್ಣು ಕೆಂಪಗಿತ್ತು. ಶಾರದಾ ಹೆಡ್‌ಫೋನನ್ನು ಇನ್ನೂ ಕುತ್ತಿಗೆಯಿಂದ ತೆಗೆದಿರಲಿಲ್ಲ.

"ಬಂತಾ?" ಎಂದೆ.

"ಬಂತು," ಎಂದಳು. ಆಕಳಿಸಲಿಲ್ಲ.

ಟೇಪನ್ನು ಯಾಯೆಲ್ ನನ್ನ ಕಣ್ಣೆದುರೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ನನ್ನ ರೆಕಾರ್ಡರಿನಲ್ಲಿ ಒಂದು ಕಾಪಿಯೂ ಉಳಿಯಲಿಲ್ಲ. ಒಂದು ಸಲ ಕೇಳಿಬಿಡಬಹುದಿತ್ತಲ್ಲ ಎಂದು ಈಗಲೂ ಹುಡುಗರು ಕೇಳುತ್ತಾರೆ. ಬೀಗ ಜಡಿದ ಪೆಟ್ಟಿಗೆಯನ್ನು ಜೀಪಿಗೆ ಏರಿಸಿದವನೇ ನಾನು, ಅಷ್ಟು ಸಾಕು.

ಮುಂದಿನ ವರ್ಷ ಗೌಡರ ವಿಳಾಸಕ್ಕೆ ಒಂದು ಕ್ಯಾಸೆಟ್ ಬಂತು. ಯಾಯೆಲ್ ಪಾಸಾಗಿದ್ದಳು. ಸಿನಿಮಾವನ್ನು ಅವರ ಊರಿನ ಸಭಾಂಗಣಗಳಲ್ಲಿ ಹೆಂಗಸರು ಕಿಕ್ಕಿರಿದು ನೋಡುತ್ತಿದ್ದಾರೆ ಎಂದು ಮೇಡಂ ಫೋನಿನಲ್ಲಿ ಹೇಳಿದರು. ಇಲ್ಲಿಯೂ ತೋರಿಸಬೇಕು, ಆದರೆ ಕಟ್ಟಳೆ ಅದೇ.

ಕಾಫಿ ಗೋಡೌನಿನಲ್ಲಿ ಏರ್ಪಾಡು. ಟಿವಿ ನನ್ನದು, ವಿಸಿಆರ್ ನನ್ನದು, ವಯರ್ ಜೋಡಿಸಿದವನು ನಾನು. ಪರದೆ ನೀಲಿಯಾದ ಕೂಡಲೇ ಸುಶೀಲಕ್ಕ ಬಾಗಿಲು ತೋರಿಸಿದಳು. ಪ್ಲೇ ಬಟನ್ ಒತ್ತಿದವಳು ಶಾರದಾ. ಗೌಡರೂ ನಾನೂ ಹೊರಗೆ ಮೆಟ್ಟಿಲ ಮೇಲೆ ಕೂತೆವು, ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳಿಗೆ ಒರಗಿಕೊಂಡು. ಒಳಗಿನ ಸದ್ದು ಬಾಗಿಲ ಸಂದಿಯಿಂದ ಬರುತ್ತಿತ್ತು. ಬುಟ್ಟಿಗೆ ಹಣ್ಣು ಬೀಳುವ ಸದ್ದು, ಯಾರೋ ಮೇಸ್ತ್ರಿಯನ್ನು ಬೈಯುವ ಸದ್ದು, ನಗು. ಆಮೇಲೆ ಕಣದ ಗುಸುಗುಸು ಬಂತು. ಶಾರದಾ ಮೈಕ್ ಚೆನ್ನಾಗಿ ಹಿಡಿದಿದ್ದಳು, ಒಪ್ಪಬೇಕು.

ಇದ್ದಕ್ಕಿದ್ದಂತೆ ಒಳಗಿನಿಂದ ಒಬ್ಬ ಗಂಡಸು ಅರಚಿದ.

"ಮುಳ್ಳು ಅಲ್ಲಾಡ್ತಾ ಇದ್ಯಾ? ... ಅಯ್ಯೋ, ನನ್ ಕಡೆ ಯಾಕೇ?"

ಗೋಡೌನಿನ ತಗಡು ನಡುಗುವ ಹಾಗೆ ಹೆಂಗಸರು ನಕ್ಕರು. ನಾನು ತಲೆಯ ಮೇಲೆ ಕೈ ಹೊತ್ತೆ. ಇಷ್ಟು ವರ್ಷ ಮದುವೆ ಮನೆಗಳಲ್ಲಿ ಹಲ್ಲು ಕಚ್ಚಿ ಸುಮ್ಮನಿದ್ದು ಉಳಿಸಿಕೊಂಡ ಮರ್ಯಾದೆ, ದೇಶ ದಾಟಿ ಹೋಗಿ ಜೆರುಸಲೇಮಿನ ಹೆಂಗಸರ ಮುಂದೆ ಕರಗಿಹೋಗಿತ್ತು. ಅದನ್ನು ಮುಚ್ಚಲು ಅಲ್ಲಿ ನಾದಸ್ವರವೂ ಸಿಕ್ಕಿರಲಿಕ್ಕಿಲ್ಲ.

ಗೌಡರು ಹೊಟ್ಟೆ ಹಿಡಿದುಕೊಂಡಿದ್ದರು. "ಒಳಗೂ ನೀನೇ, ಹೊರಗೂ ನೀನೇ! ಅಷ್ಟು ಹೆಂಗಸ್ರ ಸಿನಿಮಾಕ್ಕೆ ನೀನೇ ಏನೋ ಹೀರೋ?"

ಒಳಗೆ ಟಿವಿಯಲ್ಲಿ ಇಬ್ಬರ ಹೆಜ್ಜೆಯ ಸದ್ದು ಕೇಳಿಸಿತು. ಜಲ್ಲಿಯ ಮೇಲೆ ಎರಡು ಜೊತೆ ಚಪ್ಪಲಿ ದೂರ ದೂರ ಹೋಗುತ್ತಿದ್ದವು. ಅದು ಗೌಡರೂ ನಾನೂ ಗೇಟಿಗೆ ಹೋದದ್ದು. ಅದರ ನಂತರ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಗೋಡೌನಿನ ಒಳಗೆ ನಗು ನಿಂತಿತು. ಯಾರೋ ಮಗುವನ್ನು ಸುಮ್ಮನಿರಿಸಿದರು.

ನಾನು ಎದ್ದೆ.

"ಏಳಿ ಗೌಡ್ರೇ."

"ಎಲ್ಲಿಗೋ?"

"ಗೇಟಿಗೆ."

"ಯಾರ್ ನೋಡ್ತಾರೆ ಮಾರಾಯ? ಬಾಗ್ಲು ಹಾಕಿದೆ. ಕೂತ್ಕೋ ಸುಮ್ನೆ."

"ಏಳಿ ಅಂದ್ನಲ್ಲ!" ಎಂದು ಅವರ ತೋಳು ಹಿಡಿದು ಎಳೆದೆ. ಜೀವಮಾನದಲ್ಲಿ ಎಸ್ಟೇಟ್ ಓನರ್ ಒಬ್ಬರ ಮೇಲೆ ಕೂಗಿದ್ದು ಅದೊಂದೇ ಸಲ. ಅವರು ಗೊಣಗುತ್ತ ಎದ್ದರು. ಅದೇ ಜಲ್ಲಿಯ ಮೇಲೆ, ಅದೇ ಎರಡು ಜೊತೆ ಚಪ್ಪಲಿ.

ಈ ಸಲ ಟವೆಲ್ ಬೀಸಿದರು. ಬೀಸಿದವಳು ಸುಶೀಲಕ್ಕನೇ. ನಾವು ಹತ್ತಿರ ಬಂದಾಗ ಗೇಟಿನ ಕಡೆ ಒಮ್ಮೆ ನೋಡಿ, ನನ್ನ ಕಡೆ ಒಮ್ಮೆ ನೋಡಿ, "ನಿಮ್ ದನಿ ಬಾಳ ಚೆಂದ ಬಂದದೆ ಅಣ್ಣಾ," ಎಂದಳು. ಅಷ್ಟೇ.

ಆಮೇಲೆ ಕಾಲ ಬದಲಾಯಿತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ನಾನು ಅಂಗಡಿ ಮುಚ್ಚಿದೆ. ಮೈಕು, ರೆಕಾರ್ಡರ್ ಅಟ್ಟದ ಮೇಲಿವೆ. ಹೆಡ್‌ಫೋನ್ ಮಾತ್ರ ಶಾರದಾ ಕೊಡುವುದಿಲ್ಲ. ಅದನ್ನು ಹಾಕಿಕೊಂಡು ಜೀಪಿನ ಸದ್ದಿನ ಆ ಹಳೆಯ ಟೇಪುಗಳನ್ನೆಲ್ಲ ಕೇಳಿ, ಯಾವುದರಲ್ಲಿ ಗಾಳಿ ಹೊಡೆದಿದೆ ಎಂದು ನನಗೇ ಪಾಠ ಹೇಳುತ್ತಾಳೆ.

ಕೆಲವೊಮ್ಮೆ ಅಡುಗೆ ಮಾಡುತ್ತ ಅವಳು ಏನನ್ನೋ ಗುನುಗುತ್ತಿರುತ್ತಾಳೆ. ಯಾವ ಹಾಡೆಂದು ನಾನು ಕೇಳಿಲ್ಲ. ಒಂದು ಲೋಟ ನೀರು ಬೇಕೆಂದರೂ, ನನ್ನದೇ ಮನೆಯಲ್ಲಿ, ನಡುಮನೆಯಿಂದಲೇ ಜೋರಾಗಿ ಒಂದು ಸಲ ಕೆಮ್ಮಿ, ಸ್ವಲ್ಪ ತಡೆದು, ಆಮೇಲೆ ಅಡುಗೆಮನೆಗೆ ಹೋಗುತ್ತೇನೆ.